ರೀಸ್ಟಾರ್ಟ್ ಮಾಡುವ ಮುನ್ನ ಮೋಡೆಮ್ಮಿನ ದೀಪಗಳನ್ನು ನೋಡಿ

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿದೆ. ಫೈಬರ್ ಇಂಟರ್‌ನೆಟ್ ಸಂಪರ್ಕ ಇತ್ತೀಚೆಗೆ ದಿನವೂ ಹಲವು ಬಾರಿ, ಅದರಲ್ಲೂ ಸಂಜೆಯ ಹೊತ್ತು, ಕಡಿದುಹೋಗುತ್ತಿದೆ. ಮೊಬೈಲಿನಲ್ಲಿ ವೈಫೈ ಚಿಹ್ನೆ ಇದ್ದರೂ ಏನೂ ತೆರೆದುಕೊಳ್ಳುವುದಿಲ್ಲ. ಮೋಡೆಮ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಒಳ್ಳೆಯ ರೂಟರ್ ಕೊಂಡರೆ ಈ ತೊಂದರೆ ತಪ್ಪುವುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ರೂಟರ್ ಕೊಳ್ಳುವ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಆಫ್ ಮಾಡಿ ಆನ್ ಮಾಡುವುದರಿಂದ ಸಂಪರ್ಕ ಮರಳಬಹುದಾದರೂ, ಅದು ಏಕೆ ಕಡಿಯಿತೆಂಬ ಸುಳಿವು ಅದರೊಂದಿಗೇ ಅಳಿಸಿಹೋಗುತ್ತದೆ. ಮುಂದಿನ ಸಲ ಸ್ವಿಚ್ಚಿಗೆ ಕೈ ಹಾಕುವ ಮೊದಲು ಮೋಡೆಮ್ಮಿನ ದೀಪಗಳನ್ನು ನೋಡಿ, ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಬಳಿಕ ಬ್ರೌಸರಿನಲ್ಲಿ 192.168.1.1 ಎಂದು, ಅಥವಾ ಮೋಡೆಮ್ಮಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ ಬೇರೆ ವಿಳಾಸವಿದ್ದರೆ ಅದನ್ನು, ಟೈಪ್ ಮಾಡಿ. ಲಾಗಿನ್ ಪುಟ ತೆರೆದುಕೊಂಡರೆ ಮೊಬೈಲಿಗೂ ಮೋಡೆಮ್ಮಿಗೂ ನಡುವಿನ ವೈಫೈ ಸರಿಯಾಗಿದೆ ಎಂದರ್ಥ. ಆಗ ಎಷ್ಟು ದುಬಾರಿ ರೂಟರ್ ತಂದರೂ ಪ್ರಯೋಜನವಿಲ್ಲ.

ಎಲ್‌ಒಎಸ್ ಎಂದು ಬರೆದಿರುವ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಹೊರಗಿನಿಂದ ಬರಬೇಕಾದ ಬೆಳಕು ಮೋಡೆಮ್ಮನ್ನು ತಲುಪುತ್ತಿಲ್ಲ. ಮೊದಲು ಮನೆಯೊಳಗಿನ ತೆಳು ಹಳದಿ ವೈರನ್ನು ಪರೀಕ್ಷಿಸಿ. ಟಿವಿಯ ಹಿಂದೆ ಬಿಗಿಯಾಗಿ ಸುತ್ತಿಟ್ಟಿದ್ದರೆ, ಬಾಗಿಲ ಸಂದಿನಲ್ಲಿ ಸಿಕ್ಕಿದ್ದರೆ, ಮೊಳೆಯ ಕ್ಲಿಪ್ಪಿನ ಕೆಳಗೆ ಒತ್ತಿಹೋಗಿದ್ದರೆ, ಒಳಗಿನ ಗಾಜಿನ ಎಳೆ ತುಂಡಾಗದಿದ್ದರೂ ಬೆಳಕು ಆ ಬಾಗಿನಲ್ಲಿ ಸೋರಿಹೋಗುತ್ತದೆ. ಸುರುಳಿಯನ್ನು ಅಂಗೈ ಅಗಲಕ್ಕೆ ಸಡಿಲಿಸಿ. ಹಸಿರು ಕನೆಕ್ಟರ್ ಪೂರ್ತಿ ಒಳಗೆ ಕೂತಿದೆಯೇ ನೋಡಿ. ಆದರೆ ಅದನ್ನು ಕಿತ್ತು ತುದಿಯನ್ನು ಬೆರಳಿನಿಂದ ಒರೆಸಬೇಡಿ, ಕಣ್ಣಿಗೆ ಹಿಡಿದೂ ನೋಡಬೇಡಿ, ಏಕೆಂದರೆ ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ.

ಅದೇ ಲಾಗಿನ್ ಪುಟದೊಳಗೆ ಹಲವು ಮೋಡೆಮ್‌ಗಳು ಆಪ್ಟಿಕಲ್ ಮಾಹಿತಿಯಡಿ ಆರ್‌ಎಕ್ಸ್ ಪವರ್ ಎಂಬ ಅಂಕಿಯನ್ನು, ಅಂದರೆ ಮೋಡೆಮ್ಮನ್ನು ತಲುಪುತ್ತಿರುವ ಬೆಳಕಿನ ಬಲವನ್ನು, ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತವೆ. ಅದು ಮೈನಸ್ 20ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಮೈನಸ್ 27 ಡಿಬಿಎಂಗಿಂತ ಕೆಳಗೆ, ಅಂದರೆ ಮೈನಸ್ 28, 29ರತ್ತ, ಇಳಿದರೆ ಸಂಪರ್ಕ ಕಡಿಯುವ ಅಂಚಿನಲ್ಲಿದೆ. ಪ್ರತಿ 3 ಡಿಬಿ ಇಳಿಕೆಗೂ ಬೆಳಕು ಅರ್ಧಕ್ಕರ್ಧ ಕುಗ್ಗಿರುತ್ತದೆ. ಗಾಳಿಮಳೆಯ ಹೊತ್ತಿನಲ್ಲಿ ಮಾತ್ರ ಈ ಅಂಕಿ ಕುಸಿಯುತ್ತಿದ್ದರೆ ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಎಳೆದ ಕೇಬಲ್ಲನ್ನೋ ಅದರ ಜಾಯಿಂಟನ್ನೋ ಅನುಮಾನಿಸಬೇಕು. ಅದನ್ನು ಸರಿಪಡಿಸುವುದು ಕಂಪನಿಯವರ ಕೆಲಸ. "ನೆಟ್ ಬರುತ್ತಿಲ್ಲ" ಎಂದು ದೂರು ಕೊಟ್ಟರೆ ಬಂದವರು ರೀಸ್ಟಾರ್ಟ್ ಮಾಡಿ ಹೋಗುವುದೇ ಹೆಚ್ಚು; ಫೋಟೊ, ಸಮಯ, ಈ ಅಂಕಿ ಮೂರನ್ನೂ ಮುಂದಿಟ್ಟರೆ ಅವರು ಕಂಬ ಹತ್ತಲೇಬೇಕಾಗುತ್ತದೆ.

ಸಂಜೆಯೇ ಹೆಚ್ಚು ಎಂದಿರುವುದರಿಂದ ಕರೆಂಟಿನ ಕಡೆಗೂ ಗಮನ ಕೊಡಿ. ವೋಲ್ಟೇಜ್ ಕುಸಿದಾಗ ಹಳೆಯ ಅಡಾಪ್ಟರ್ ಮೋಡೆಮ್ಮಿಗೆ ಬೇಕಾದ ವಿದ್ಯುತ್ತನ್ನು, ಸಾಮಾನ್ಯವಾಗಿ 12 ವೋಲ್ಟನ್ನು, ಸ್ಥಿರವಾಗಿ ಕೊಡಲಾರದೆ ಮೋಡೆಮ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಲಾಗಿನ್ ಪುಟದಲ್ಲಿ ಅಪ್‌ಟೈಮ್, ಅಂದರೆ ಮೋಡೆಮ್ ಆನ್ ಆಗಿ ಎಷ್ಟು ಹೊತ್ತಾಯಿತೆಂಬುದನ್ನು, ನೋಡಿ: ನೀವು ಮುಟ್ಟದಿದ್ದರೂ ಅದು ಕೆಲವೇ ನಿಮಿಷಗಳನ್ನು ತೋರಿಸುತ್ತಿದ್ದರೆ ಕಾರಣ ಇಲ್ಲಿದೆ. ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಅದೇ ಪಿನ್ನಿನ ಅಡಾಪ್ಟರ್ ಹಾಕಿ. ಕರೆಂಟು ಪದೇ ಪದೇ ಹೋಗುವ ಊರಾದರೆ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಕೊಳ್ಳುವುದು ಇನ್ನೂ ಮೇಲು.

ದೀಪಗಳೆಲ್ಲ ಹಸಿರಾಗಿದ್ದು, ಅಪ್‌ಟೈಮ್ ದಿನಗಟ್ಟಲೆ ಇದ್ದೂ ಇಂಟರ್‌ನೆಟ್ ಇಲ್ಲದಿದ್ದರೆ ದೋಷ ಹೆಚ್ಚಾಗಿ ಕಂಪನಿಯ ಕಡೆಯದು. ಲಾಗಿನ್ ಪುಟವೇ ತೆರೆಯದಿದ್ದರೆ ಮಾತ್ರ ವೈಫೈಯನ್ನು ಶಂಕಿಸಿ. ಆಗಲೂ ಮೋಡೆಮ್ಮನ್ನು ಕಬ್ಬಿಣದ ಬೀರುವಿನ ಪಕ್ಕದಿಂದ ತೆಗೆದು ನಡುಮನೆಯಲ್ಲಿ ಎತ್ತರಕ್ಕಿಟ್ಟು ನೋಡಿದ ಮೇಲೆಯೇ ರೂಟರಿನ ಅಂಗಡಿಗೆ ಹೋಗಿ.