ಹಬೆ ಹಿಡಿದರೆ ಹ್ಯಾಟು ಮಾತು ಕೇಳುತ್ತದೆ

ಧಾರವಾಡದ ಮಾಳಮಡ್ಡಿಯಿಂದ ಒಬ್ಬರು ಬರೆದಿದ್ದಾರೆ: “ನಮ್ಮ ಅಪ್ಪ 1980ರ ಸುಮಾರಿಗೆ ಕೊಂಡ ಕಂದು ಬಣ್ಣದ ಉಣ್ಣೆ ಫೆಲ್ಟ್ ಹ್ಯಾಟ್ ಈ ಮಳೆಗಾಲದಲ್ಲಿ ಪೂರ್ತಿ ತೊಯ್ದಿತು. ಬೇಗ ಒಣಗಲಿ ಅಂತ ಒಲೆ ಪಕ್ಕ ಇಟ್ಟೆ. ಈಗ ತಲೆಗೆ ಬಿಗಿಯಾಗುತ್ತದೆ. ಅಂಚು ಸೊಟ್ಟಗಾಗಿದೆ, ನೆತ್ತಿ ಒಂದು ಕಡೆ ಕುಸಿದಿದೆ. ಇಸ್ತ್ರಿ ಅಂಗಡಿಗೆ ಕೊಡಲೇ?”

ಬೇಡ, ಕೊಡಬೇಡಿ. ಮನೆಯಲ್ಲೇ ಆಗುವ ಕೆಲಸ ಇದು. ನಾನು ಹುಬ್ಬಳ್ಳಿಯಲ್ಲಿ ನಾಟಕದ ಉಡುಪು ನೋಡಿಕೊಳ್ಳುವವಳು. ಇನ್‌ಸ್ಪೆಕ್ಟರ್, ಸಾಹುಕಾರ, ಬ್ರಿಟಿಷ್ ಕಲೆಕ್ಟರ್ ಪಾತ್ರಗಳ ಹ್ಯಾಟುಗಳು ವರ್ಷವಿಡೀ ನನ್ನ ಕೈಯಲ್ಲೇ ಇರುತ್ತವೆ. ಕುಸಿಯದ ಹ್ಯಾಟ್ ಒಂದೂ ಇಲ್ಲ, ಬಹಳಷ್ಟನ್ನು ಮತ್ತೆ ಎಬ್ಬಿಸಬಹುದು.

ಮೊದಲು ಫೆಲ್ಟ್ ಅಂದರೆ ಏನು ಅಂತ ತಿಳಿಯಿರಿ. ನಮ್ಮ ಕಂಬಳಿಯಲ್ಲಿ ನೂಲು ಇರುತ್ತದೆ, ಹಾಸು-ಹೊಕ್ಕು ಇರುತ್ತದೆ. ಫೆಲ್ಟಿನಲ್ಲಿ ನೇಯ್ಗೆಯೇ ಇಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಮೈಮೇಲೆ ಇರುವಂಥ ಸಣ್ಣ ಸಣ್ಣ ಹುರುಪೆಗಳಿವೆ. ಬಿಸಿ, ತೇವ, ಒತ್ತಡ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ತೊಯ್ದ ಹ್ಯಾಟನ್ನು ಒಲೆ ಪಕ್ಕ ಇಟ್ಟಾಗ ಅದು ಕುಗ್ಗಿದ್ದು ಇದಕ್ಕೇ. ಸರಿಪಡಿಸುವುದಕ್ಕೂ ಬಿಸಿ ಮತ್ತು ತೇವವೇ ಬೇಕು. ಆದರೆ ಹಬೆಯ ರೂಪದಲ್ಲಿ, ಸ್ವಲ್ಪ ಸ್ವಲ್ಪವೇ, ನಿಮ್ಮ ಕೈ ಹೇಳಿದ ಕಡೆ ಮಾತ್ರ.

ಹಬೆಗೆ ಮೊದಲು ಧೂಳು ತೆಗೆಯಿರಿ. ಇದನ್ನು ಮರೆತರೆ ಹಬೆಯಲ್ಲಿ ಧೂಳು ಕೆಸರಾಗಿ ಒಳಗೆ ಕೂರುತ್ತದೆ. ಮೆತ್ತಗಿನ ಬ್ರಷ್‌ನಿಂದ ಎಳೆ ಮಲಗಿರುವ ದಿಕ್ಕಿಗೇ ಉಜ್ಜಿ. ಕೈಯಾಡಿಸಿದರೆ ಯಾವ ಕಡೆ ನುಣುಪು ಅಂತ ಬೆರಳಿಗೇ ಗೊತ್ತಾಗುತ್ತದೆ.

ಆಮೇಲೆ ಅಚ್ಚು. ಹ್ಯಾಟ್ ತಯಾರಿಸುವವರ ಹತ್ತಿರ ಮರದ ಅಚ್ಚು ಇರುತ್ತದೆ. ನಮಗೆ ಸ್ಟೀಲ್ ಬೋಗುಣಿ ಸಾಕು. ಹುಬ್ಬಿನ ಮೇಲಿಂದ, ಕಿವಿಯ ಮೇಲಿಂದ ಟೇಪು ಸುತ್ತಿ ತಲೆಯ ಅಳತೆ ತೆಗೆದುಕೊಳ್ಳಿ. 57 ಸೆಂಟಿಮೀಟರ್ ಬಂತು ಅನ್ನಿ. ಸುಮಾರು 17 ಸೆಂಟಿಮೀಟರ್ ಅಗಲದ ಬೋಗುಣಿಯನ್ನು ಬೋರಲು ಹಾಕಿ. ಬೋಗುಣಿ ದುಂಡಗೆ, ತಲೆ ಮಾತ್ರ ಮೊಟ್ಟೆಯ ಹಾಗೆ ಉದ್ದ. ಅದಕ್ಕೆ ಹಣೆಯ ಕಡೆ ಮತ್ತು ಹಿಂದಲೆಯ ಕಡೆ ಮಡಚಿದ ಟವೆಲ್ ಇಟ್ಟು ಕಟ್ಟಿ. ಸುತ್ತಳತೆ ಮತ್ತೆ ಟೇಪು ಹಿಡಿದು ನೋಡಿ. ಇಲ್ಲಿ ಅವಸರ ಮಾಡಿದರೆ ಹ್ಯಾಟ್ ಕಿವಿಯ ಹತ್ತಿರ ಸಡಿಲ, ಹಣೆಗೆ ಬಿಗಿ ಆಗುತ್ತದೆ.

ಈಗ ಹಬೆ. ಮೂತಿ ಇರುವ ಕೆಟಲ್ ಒಳ್ಳೆಯದು, ಬಟ್ಟೆಗೆ ಹಬೆ ಹಿಡಿಯುವ ಯಂತ್ರವಿದ್ದರೆ ಇನ್ನೂ ಒಳ್ಳೆಯದು. ಒಳಗಿನ ಚರ್ಮದ ಪಟ್ಟಿಯನ್ನು ಹೊರಕ್ಕೆ ಮಗುಚಿ ಹಬೆಯಿಂದ ದೂರ ಇಡಿ. ಚರ್ಮ ಬಿಸಿಗೆ ಸೆಟೆದು ಕುಗ್ಗಿದರೆ ಸರಿಹೋಗುವುದಿಲ್ಲ. ಹ್ಯಾಟನ್ನು ಮೂತಿಯಿಂದ ಗೇಣು ದೂರ ಹಿಡಿದು, ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತ ಇರಿ. ಹತ್ತು ಹದಿನೈದು ಸೆಕೆಂಡಿಗೆ ಫೆಲ್ಟ್ ಮೆತ್ತಗಾಗುತ್ತದೆ. ತವೆಯಿಂದ ಆಗ ತಾನೇ ತೆಗೆದ ಜೋಳದ ರೊಟ್ಟಿ ನೋಡಿದ್ದೀರಲ್ವಾ? ಬಿಸಿಯಿದ್ದಾಗ ಹೇಗೆ ಬೇಕೋ ಹಾಗೆ ಮಡಚಬಹುದು. ಆರಿದ ಮೇಲೆ ಮಡಚಿದ ಆಕಾರದಲ್ಲೇ ಖಡಕ್ ಆಗುತ್ತದೆ. ಫೆಲ್ಟೂ ಹಾಗೆಯೇ.

ಮೆತ್ತಗಾದ ಕೂಡಲೇ ಕುಸಿದ ಜಾಗವನ್ನು ಒಳಗಿನಿಂದ ಅಂಗೈ ಉಬ್ಬಿನಿಂದ ತಳ್ಳಿ. ಬೆರಳ ತುದಿ ಬೇಡ, ಗುಳಿ ಬೀಳುತ್ತದೆ. ನಂತರ ಅಚ್ಚಿನ ಮೇಲೆ ಹಾಕಿ ನಿಧಾನಕ್ಕೆ ಕೆಳಕ್ಕೆ ಎಳೆಯಿರಿ. ಬುಡಕ್ಕೆ ಅಗಲವಾದ ಹತ್ತಿ ಪಟ್ಟಿ ಸುತ್ತಿ ಕಟ್ಟಿ. ದಾರ ಕಟ್ಟಿದರೆ ಗುರುತು ಉಳಿಯುತ್ತದೆ. ಒಂದು ರಾತ್ರಿ ಪೂರ್ತಿ ಬಿಡಿ. ಅರ್ಧದಿಂದ ಒಂದು ಸೆಂಟಿಮೀಟರ್ ಬಿಗಿ ಇದ್ದರೆ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. ಅದಕ್ಕಿಂತ ಜಾಸ್ತಿ ಕುಗ್ಗಿದ್ದರೆ ಎಳೆದು ಹರಿಯಬೇಡಿ.

ಅಂಚನ್ನು ಟೇಬಲ್ ಮೇಲೆ ಚಪ್ಪಟೆಯಾಗಿ ಇಟ್ಟು, ಹಿಂಡಿದ ಒದ್ದೆ ಬಟ್ಟೆ ಹಾಸಿ, ಉಣ್ಣೆಯ ಬಿಸಿಗೆ ಇಟ್ಟ ಇಸ್ತ್ರಿಯನ್ನು ಒತ್ತಿ ಎತ್ತಿ, ಒತ್ತಿ ಎತ್ತಿ. ಉಜ್ಜಿದರೆ ಅಂಚು ಹಿಗ್ಗಿ ಮತ್ತೆ ಸೊಟ್ಟಗಾಗುತ್ತದೆ.

ಮುಂದೆ ಮಳೆಗೆ ತೊಯ್ದರೆ ನೀರು ಕೊಡವಿ, ಒಳಪಟ್ಟಿ ಮಗುಚಿ, ಅದರ ಮೇಲೆಯೇ ಹ್ಯಾಟ್ ನಿಲ್ಲುವಂತೆ ಇಡಿ. ಫ್ಯಾನಿನ ಗಾಳಿ ಸಾಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎರಡು ದಿನ ಹಿಡಿಯಬಹುದು, ಹಿಡಿಯಲಿ. ಒಲೆ, ಬಿಸಿಲು, ಹೇರ್ ಡ್ರೈಯರ್ ಯಾವುದೂ ಬೇಡ. ಬಕೆಟ್‌ನಲ್ಲಿ ಅದ್ದಿ ತೊಳೆಯುವುದಂತೂ ಬೇಡವೇ ಬೇಡ. ಕೆಲಸ ಕಲಿಯುವಾಗ ನಾನು ಹಾಗೆ ಮಾಡಿ ಒಂದು ಒಳ್ಳೆಯ ಬೂದು ಹ್ಯಾಟ್ ಕಳೆದುಕೊಂಡೆ. ಆ ಬೇಸರ ಇವತ್ತಿಗೂ ಇದೆ.

ಹಾವೇರಿಯ ಓದುಗರ ಪ್ರಶ್ನೆ: “ಮುತ್ತಜ್ಜನ ಟ್ರಂಕಿನಲ್ಲಿ ಮೊಲದ ರೋಮದ ಫೆಲ್ಟ್ ಹ್ಯಾಟ್ ಸಿಕ್ಕಿತು. 1930ರ ಆಸುಪಾಸಿನದು ಅನ್ನುತ್ತಾರೆ. ಅಲ್ಲಲ್ಲಿ ನುಸಿ ತಿಂದಿದೆ. ಹಬೆ ಹಿಡಿದು ಸರಿಮಾಡಬಹುದೇ?”

ಇದಕ್ಕೆ ಮಾತ್ರ ಹಬೆ ಹಿಡಿಯಬೇಡಿ, ಕೈಮುಗಿದು ಕೇಳುತ್ತೇನೆ. ಆ ಕಾಲದಲ್ಲಿ ಮೊಲದ ರೋಮ ಚೆನ್ನಾಗಿ ಹೆಣೆದುಕೊಳ್ಳಲಿ ಅಂತ ಪಾದರಸದ ದ್ರಾವಣ ಹಚ್ಚುತ್ತಿದ್ದರು. ಹ್ಯಾಟ್ ಕಾರ್ಖಾನೆಯ ಕೆಲಸಗಾರರಿಗೆ ಕೈ ನಡುಕ, ಮನಸ್ಸಿನ ಕಾಯಿಲೆ ಬಂದದ್ದು ಇದರಿಂದಲೇ. ಅಮೆರಿಕದಲ್ಲಿ ಇದು ನಿಂತದ್ದು 1941ರಲ್ಲಿ. ಹಳೆಯ ಹ್ಯಾಟುಗಳಲ್ಲಿ ಪಾದರಸ ಇನ್ನೂ ಉಳಿದಿರಬಹುದು, ಬಿಸಿ ತಾಗಿದರೆ ಆವಿಯಾಗಿ ಮೂಗಿಗೆ ಬರಬಹುದು. ತಲೆಗೆ ಹಾಕಬೇಡಿ, ಮಕ್ಕಳ ಆಟಕ್ಕೆ ಕೊಡಬೇಡಿ, ಬ್ರಷ್ ಹಾಕಿ ಧೂಳೂ ಎಬ್ಬಿಸಬೇಡಿ. ಕೈಗವಸು ಹಾಕಿ ಮುಟ್ಟಿ. ಒಳಗೆ ಕಾಗದ ತುಂಬಿ, ಚೀಲದಲ್ಲಿ ಮುಚ್ಚಿ, ಮಲಗುವ ಕೋಣೆಯಿಂದ ಹೊರಗೆ ಇಡಿ. ಮುತ್ತಜ್ಜನ ನೆನಪು ಅಷ್ಟರಲ್ಲೂ ಉಳಿಯುತ್ತದೆ.

ಟ್ರಂಕಿನಲ್ಲಿ ಬೇರೆ ಉಣ್ಣೆ ಬಟ್ಟೆ ಇದ್ದರೆ ಅವುಗಳಿಗೂ ನುಸಿ ಹತ್ತಿರುತ್ತದೆ. ತಿನ್ನುವುದು ಹಾರುವ ಹುಳ ಅಲ್ಲ, ಅದರ ಮರಿ. ಬೇವಿನ ಎಲೆ ಇಟ್ಟರೆ ಇರುವ ಮರಿ ಸಾಯುವುದಿಲ್ಲ. ಆ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿ ಇಡಿ. ಹೊರತೆಗೆದ ಮೇಲೆ ಮನೆಯ ಬಿಸಿಗೆ ಬರುವ ತನಕ ಚೀಲ ಬಿಚ್ಚಬೇಡಿ, ಬಟ್ಟೆಗೆ ನೀರು ಕಟ್ಟುತ್ತದೆ.

ಗದಗಿನಿಂದ ಒಬ್ಬ ತಾಯಿ ಕೇಳಿದ್ದಾರೆ: “ಮಗನ ಶಾಲೆಯ ನಾಟಕಕ್ಕೆ ಅಗ್ಗದ ಕಪ್ಪು ಹ್ಯಾಟ್ ತಂದೆವು. ಮಡಿಕೆ ಬಿದ್ದಿದೆ, ತಲೆಗೂ ದೊಡ್ಡದು.”

ಅದು ಉಣ್ಣೆಯದೋ ಅಲ್ಲವೋ ಮೊದಲು ನೋಡಿ. ಒಳಪಟ್ಟಿಯ ಕೆಳಗಿಂದ ನಾಲ್ಕು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಉಳಿದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ಎಳೆ. ಉಣ್ಣೆಯಾದರೆ ಮೇಲೆ ಹೇಳಿದ ಹಾಗೆಯೇ ಮಾಡಿ. ಪ್ಲಾಸ್ಟಿಕ್ ಆದರೆ ಇಸ್ತ್ರಿ ಮುಟ್ಟಿಸಬೇಡಿ. ದೂರದಿಂದ ಸ್ವಲ್ಪ ಹಬೆ ತೋರಿಸಿ, ಒಳಗೆ ಹಳೆ ಬಟ್ಟೆ ತುಂಬಿ ಇಡಿ. ದೊಡ್ಡದಾಗಿದ್ದಕ್ಕೆ ಒಳಪಟ್ಟಿಯ ಹಿಂದೆ ಮಡಚಿದ ಹತ್ತಿ ನಾಡ ಸೇರಿಸಿ, ಹಣೆಯ ಕಡೆ ಮತ್ತು ಹಿಂದಲೆಯ ಕಡೆ ಸಮನಾಗಿ. ನಿಮ್ಮ ಕಡೆ ಗಾಳಿ, ಎರೆಮಣ್ಣಿನ ಧೂಳು ಜಾಸ್ತಿ. ಕಪ್ಪು ಹ್ಯಾಟಿನ ಮೇಲೆ ಅದು ಬೇಗ ಕಾಣುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣ ಬ್ರಷ್ ಆಡಿಸಿ. ಮಗನಿಗೂ ಒಂದು ಮಾತು ಹೇಳಿಕೊಡಿ: ಹ್ಯಾಟ್ ತೆಗೆಯುವಾಗ ನೆತ್ತಿ ಚಿವುಟಬಾರದು, ಎರಡೂ ಕೈಯಲ್ಲಿ ಅಂಚು ಹಿಡಿಯಬೇಕು. ಆಟ ಮುಗಿದ ಮೇಲೆ ಬೋರಲು ಇಡದೆ ನೆತ್ತಿ ಕೆಳಗಾಗಿ ಇಡಬೇಕು.