ಆರು ಮೈಲಿ ಅಷ್ಟೇ ಅಂದ್ಕೊಂಡ್ರೆ ಕಷ್ಟ: ಮರುಭೂಮಿ ಬೆಟ್ಟದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸರ್, ನಾವು ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿರೋ ಸ್ನೇಹಿತರು, ಮನೆಯವರು ಎಲ್ಲ ಸೇರಿ ಹನ್ನೊಂದು ಜನ. ಡಿಸೆಂಬರ್‌ನಲ್ಲಿ ಒಂದು ಶನಿವಾರ ಸೂಪರ್‌ಸ್ಟಿಷನ್ ಬೆಟ್ಟಸಾಲಿನ ಫ್ಲಾಟ್‌ಐರನ್ ಅನ್ನೋ ಬಂಡೆ ತುದಿ ಹತ್ತೋಣ ಅಂತಿದ್ದೀವಿ. ಹೋಗಿಬರೋಕೆ ಆರು ಮೈಲಿ ಅಷ್ಟೇ, ಹತ್ತು ಗಂಟೆಗೆ ಹೊರಟ್ರೆ ಎರಡಕ್ಕೆಲ್ಲ ಕೆಳಗಿರ್ತೀವಿ ಅಂತಾರೆ ನಮ್ಮಲ್ಲೊಬ್ರು. ಇಬ್ಬರಿಗೆ ಬೆಟ್ಟ ಹತ್ತಿ ಅಭ್ಯಾಸ ಇಲ್ಲ. ಈ ಲೆಕ್ಕ ಸರೀನಾ?

ಉತ್ತರ: ಕಾಗದದ ಮೇಲೆ ನಿಮ್ಮ ಸ್ನೇಹಿತರ ಲೆಕ್ಕ ತಪ್ಪಲ್ಲ, ಅದೇ ಅಪಾಯ ನೋಡಿ. ನೇಸ್ಮಿತ್ ಅನ್ನೋ ಸ್ಕಾಟ್ಲೆಂಡಿನವರು 1892ರಲ್ಲೇ ಒಂದು ಸೂತ್ರ ಕೊಟ್ಟಿದ್ರು, ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಕೆಗೆ ಇನ್ನೊಂದು ಗಂಟೆ. ನಿಮ್ಮದು ಆರು ಮೈಲಿ, ಏರಿಕೆ 2,700 ಅಡಿ ಮೇಲೆ, ಸೂತ್ರದ ಪ್ರಕಾರ ಮೂರು ಗಂಟೆ ಇಪ್ಪತ್ತು ನಿಮಿಷ. ಆದ್ರೆ ಅದು ಗಟ್ಟಿ ಆಳು ನಡೆಯೋಕೆ ಬರೋ ನೆಲದ ಮೇಲೆ ನಡೆಯೋ ಲೆಕ್ಕ, ಫ್ಲಾಟ್‌ಐರನ್‌ನಲ್ಲಿ ಮೇಲಿನ ಒಂದು ಮೈಲಿ ನಡಿಗೇನೇ ಅಲ್ಲ.

ಲಾಸ್ಟ್ ಡಚ್‌ಮನ್ ಸ್ಟೇಟ್ ಪಾರ್ಕಿಂದ ಸೈಫನ್ ಡ್ರಾ ಅನ್ನೋ ಟ್ರೇಲ್ ಹಿಡಿದ್ರೆ ಮೊದಲ ಎರಡು ಮೈಲಿ ದಾರಿ ಇದೆ, ಕೊನೆಗೆ ನೀರು ಹರಿದು ಹರಿದು ನುಣ್ಣಗಾಗಿರೋ ಬೋಗುಣಿ ಥರದ ಬಂಡೆ ಸಿಗುತ್ತೆ. ಸರಿಮಾಡಿ ಇಟ್ಟಿರೋ ಟ್ರೇಲ್ ಅಲ್ಲಿಗೆ ಮುಗೀತು. ಮೇಲಕ್ಕೆ ಇರೋದು ಬಂಡೆ ಉರುಳಿಬಿದ್ದಿರೋ ಕಡಿದಾದ ಕೊರಕಲು, ಕೈಕಾಲು ಎರಡೂ ಹಾಕಿ ಹತ್ತಬೇಕು, ತುದಿ ಹತ್ರ ಸುಮಾರು ಹತ್ತಡಿ ಗೋಡೆ ಥರದ ಬಂಡೆ ಬೇರೆ ಇದೆ. ಅಲ್ಲಿ ಒಬ್ಬೊಬ್ಬರಿಗೆ ಎರಡೆರಡು ನಿಮಿಷ ಅಂದ್ರೂ ಹನ್ನೊಂದು ಜನಕ್ಕೆ ಇಪ್ಪತ್ತೆರಡು ನಿಮಿಷ, ಇಳಿಯುವಾಗ ಮತ್ತೆ ಅಷ್ಟೇ. ಇಬ್ಬರು ಹೋದ್ರೆ ಐದು ಗಂಟೆ ಹಿಡಿಯೋ ದಾರಿ ಹನ್ನೊಂದು ಜನಕ್ಕೆ ಏಳು ಗಂಟೆ ಹಿಡಿದ್ರೆ ನನಗೇನೂ ಆಶ್ಚರ್ಯ ಇಲ್ಲ, ಅಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಮುಳುಗೋದು ಐದು ಇಪ್ಪತ್ತರ ಆಸುಪಾಸು, ಹತ್ತಕ್ಕೆ ಹೊರಟ್ರೆ ಏನಾಗುತ್ತೆ ನೀವೇ ಲೆಕ್ಕ ಹಾಕಿ. ಬೆಳಕು ಹರಿಯೋ ಹೊತ್ತಿಗೇ ಹೊರಡಿ. ಇನ್ನೊಂದು ಅನುಕೂಲ ಏನಂದ್ರೆ ಈ ಬೆಟ್ಟದ ಮುಖ ಪಶ್ಚಿಮಕ್ಕೆ, ಬೆಳಿಗ್ಗೆ ಸೂರ್ಯ ಬೆಟ್ಟದ ಹಿಂದಿರ್ತಾನೆ, ನೆರಳಲ್ಲೇ ಹತ್ತಬಹುದು. ಮಧ್ಯಾಹ್ನ ಮೇಲೆ ಬಿಸಿಲು ನೇರ ಮುಖಕ್ಕೆ, ಬಂಡೆಗೂ ಅದೇ ಬಿಸಿಲು.

ವಾಪಸ್ ತಿರುಗೋ ಹೊತ್ತನ್ನ ಕಾರಿಂದ ಇಳಿಯೋ ಮೊದಲೇ ಎಲ್ಲರೆದುರು ಹೇಳಿಬಿಡಿ. ಹನ್ನೆರಡು ಅಂದ್ರೆ ಹನ್ನೆರಡೇ, ತುದಿ ಕಣ್ಣೆದುರಿಗಿದ್ರೂ ತಿರುಗಬೇಕು. ಮೇಲೆ ಹೋದ್ಮೇಲೆ ಈ ಮಾತು ತೆಗೆದ್ರೆ ಯಾರೂ ಕೇಳಲ್ಲ ರೀ, ಇನ್ನು ಇಷ್ಟೇ ತಾನೇ ಅಂತ ಎಲ್ಲರ ಬಾಯಲ್ಲೂ ಬರುತ್ತೆ.

ಇನ್ನು ಆ ಇಬ್ಬರ ವಿಷಯ, ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಅದೇ. ಕೆಲವು ವರ್ಷದ ಹಿಂದೆ ಇದೇ ಬೆಟ್ಟಕ್ಕೆ ನಾವು ಒಂಬತ್ತು ಜನ ಹೋಗಿದ್ವಿ. ಚುರುಕಾಗಿದ್ದ ನಾಲ್ಕು ಜನ ಮುಂದೆ ಹೋದ್ರು, ನಾನೂ ಆ ನಾಲ್ವರಲ್ಲಿ ಒಬ್ಬ. ಇಳಿಯುವಾಗ ಹಿಂದೆ ಉಳಿದಿದ್ದ ಅಕ್ಕ ಒಬ್ರು ಬದಿಯ ಕೊರಕಲಿಗೆ ಇಳಿದುಬಿಟ್ಟಿದ್ರು, ಮುಂದಿದ್ದವರು ಅವರು ಹಿಂದಿನವರ ಜೊತೆ ಇದಾರೆ ಅಂತ, ಹಿಂದಿದ್ದವರು ಮುಂದೆ ಹೋಗಿದಾರೆ ಅಂತ. ಕೂಗಿದ್ರೆ ದನಿ ಬಂಡೆಗೆ ಬಡಿದು ಯಾವ ಕಡೆಯಿಂದ ಬಂತು ಅಂತಾನೇ ಗೊತ್ತಾಗ್ತಿರಲಿಲ್ಲ. ಒಂದು ಗಂಟೆ ಮೇಲೆ ಸಿಕ್ಕಿದ್ರು, ಎರಡೂ ಅಂಗೈ ತರಚಿ ರಕ್ತ, ಬಾಟ್ಲಲ್ಲಿ ಒಂದು ಗುಟುಕು ನೀರು. ಅವರು ಬೈಲಿಲ್ಲ, ನೀವೆಲ್ಲ ಹೋಗಿಬಿಟ್ರಿ ಅಂದ್ಕೊಂಡೆ ಅಂತ ಮಾತ್ರ ಅಂದ್ರು. ಆ ಮಾತು ಇವತ್ತಿಗೂ ನನ್ನ ಬಿಟ್ಟಿಲ್ಲ. ಅವತ್ತಿಂದ ನಾನು ಹೋಗೋ ಗುಂಪಲ್ಲಿ ತುಂಬಾ ನಿಧಾನ ಇರೋರು ಮುಂದಿಂದ ಎರಡನೆಯವರು, ದಾರಿ ಬಲ್ಲ ಗಟ್ಟಿ ಆಳು ಕಟ್ಟಕಡೆಗೆ, ಆ ಕಡೆಯವರ ಹಿಂದೆ ಯಾರೂ ಇರೋ ಹಾಗಿಲ್ಲ. ದಾರಿ ಕವಲೊಡೆಯೋ ಕಡೆಯೆಲ್ಲ ನಿಂತು ತಲೆ ಎಣಿಸ್ತೀವಿ. ಒಬ್ಬರು ವಾಪಸ್ ಹೋಗ್ತೀನಿ ಅಂದ್ರೆ ಒಂಟಿಯಾಗಿ ಕಳಿಸಬೇಡಿ, ದಾರಿ ಗೊತ್ತಿರೋ ಒಬ್ರು ಜೊತೆ ಇಳೀಬೇಕು. ಎಲ್ಲರ ಕೊರಳಲ್ಲೂ ಒಂದೊಂದು ಸೀಟಿ ಇರಲಿ, ಮೂರು ಸಲ ಊದಿದ್ರೆ ಸಹಾಯ ಬೇಕು ಅಂತ ಅರ್ಥ. ಹೆಡ್‌ಲ್ಯಾಂಪ್ ಕೂಡ ತಲೆಗೊಂದು, ಮೊಬೈಲ್ ಟಾರ್ಚ್ ಹಿಡ್ಕೊಂಡ್ರೆ ಬಂಡೆ ಹಿಡಿಯೋಕೆ ಒಂದೇ ಕೈ ಉಳಿಯೋದು.

ಪ್ರಶ್ನೆ: ಇಂಥ ಹೈಕ್‌ಗೆ ಒಬ್ಬರಿಗೆ ಎಷ್ಟು ನೀರು ಬೇಕು? ಚಳಿಗಾಲದಲ್ಲಿ ಬೆವರೇ ಬರಲ್ಲವಲ್ಲ?

ಉತ್ತರ: ಬರುತ್ತೆ, ಕಾಣಲ್ಲ ಅಷ್ಟೇ. ಮರುಭೂಮಿ ಗಾಳಿ ಎಷ್ಟು ಒಣ ಅಂದ್ರೆ ಬೆವರು ಚರ್ಮದ ಮೇಲೆ ನಿಲ್ಲೋದೇ ಇಲ್ಲ. ಇಳಿದು ಬಂದ್ಮೇಲೆ ನಿಮ್ಮ ಟೋಪಿ ಅಂಚು, ಬ್ಯಾಗ್ ಪಟ್ಟಿ ಕೆಳಗಿನ ಶರ್ಟು ನೋಡಿ, ಬೆಳ್ಳಗೆ ಉಪ್ಪಿನ ಗೆರೆ ಇರುತ್ತೆ, ಅದು ನೀವು ಬೆವರಲಿಲ್ಲ ಅಂದ್ಕೊಂಡ ಬೆವರು. ತಂಪು ದಿನದಲ್ಲೂ ಗಂಟೆಗೆ ಅರ್ಧ ಲೀಟರ್ ಹಿಡೀರಿ, ಏಳು ಗಂಟೆಗೆ ಮೂರೂವರೆ, ಕೈಯಲ್ಲಿ ನಾಲ್ಕು ಲೀಟರ್ ಇರಲಿ. ನಾಲ್ಕು ಕೆಜಿ ತೂಕ ಹೌದು, ಆದ್ರೆ ಮೇಲೆ ಎಲ್ಲೂ ತುಂಬಿಸ್ಕೊಳ್ಳೋಕೆ ನೀರಿಲ್ಲ. ಬರೀ ನೀರೇ ಗಟಗಟ ಕುಡಿಯೋದೂ ಸರಿಯಲ್ಲ, ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು ಶುರುವಾಗುತ್ತೆ, ಬಿಸಿಲಿಗೆ ಹೀಗಾಯ್ತು ಅಂತ ಇನ್ನಷ್ಟು ನೀರು ಕುಡಿಸಿದ್ರೆ ಇನ್ನೂ ಕೆಡುತ್ತೆ. ಉಪ್ಪಿರೋ ತಿಂಡಿ ತಿಂತಾ ಕುಡೀರಿ, ಓಆರ್‌ಎಸ್ ಪೊಟ್ಟಣ ಎರಡಿರಲಿ. ತುದಿ ಮುಟ್ಟೋ ಮೊದಲೇ ಗುಂಪಲ್ಲಿ ಯಾರದಾದ್ರೂ ಒಬ್ಬರ ನೀರು ಅರ್ಧ ಖಾಲಿ ಆದ್ರೆ, ಅವತ್ತಿಗೆ ಎಲ್ಲರಿಗೂ ಅದೇ ತುದಿ.

ಪ್ರಶ್ನೆ: ನಮಗೆ ರಜೆ ಸಿಗೋದು ಜುಲೈನಲ್ಲಿ ಮಾತ್ರ. ತುಂಬಾ ಬೇಗ ಹೊರಟ್ರೆ ಆಗಲ್ವಾ?

ಉತ್ತರ: ಬೇಡ ರೀ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ನಮ್ಮ ಲೆಕ್ಕದಲ್ಲಿ 43 ಸೆಲ್ಸಿಯಸ್. ಅತಿ ಬಿಸಿಲಿನ ಎಚ್ಚರಿಕೆ ಇರೋ ದಿನ ಊರೊಳಗಿನ ಕ್ಯಾಮಲ್‌ಬ್ಯಾಕ್ ಬೆಟ್ಟದ ಟ್ರೇಲನ್ನ ಹಗಲು ಹೊತ್ತು ನಗರದವರೇ ಮುಚ್ಚಿಬಿಡ್ತಾರೆ. ಸೂಪರ್‌ಸ್ಟಿಷನ್‌ನಲ್ಲಿ 1891ರಲ್ಲಿ ತೀರಿಕೊಂಡ ಜೇಕಬ್ ವಾಲ್ಟ್ಸ್ ಅನ್ನೋರ ಚಿನ್ನದ ಗಣಿ ಇದೆ ಅನ್ನೋ ಕಥೆ ನಂಬಿ 2010ರ ಜುಲೈನಲ್ಲಿ ಹೋದ ಮೂವರು ವಾಪಸ್ ಬರಲೇ ಇಲ್ಲ. ಜೊತೆಗೆ ಅದು ಮಾನ್ಸೂನ್ ಕಾಲ, ಮಧ್ಯಾಹ್ನ ಸಿಡಿಲು ಮಳೆ ಬಂದ್ರೆ ಆ ಕೊರಕಲೆಲ್ಲ ನೀರಿನ ದಾರಿ. ರಜೆ ಬದಲಾಯಿಸಿ, ಬೆಟ್ಟ ಎಲ್ಲಿಗೂ ಹೋಗಲ್ಲ.

ಪ್ರಶ್ನೆ: ಚೋಯಾ ಕಳ್ಳಿ ಮೈಮೇಲೆ ಹಾರುತ್ತೆ ಅಂತಾರಲ್ಲ, ನಿಜಾನಾ? ಹಾವಿನ ಭಯಾನೂ ಇದೆ.

ಉತ್ತರ: ಹಾರಲ್ಲ, ಆದ್ರೆ ಹಾರಿದ ಹಾಗೇ ಅನ್ಸುತ್ತೆ. ಅದರ ಗೆಣ್ಣುಗಳು ಎಷ್ಟು ಸಡಿಲ ಅಂದ್ರೆ ಬಟ್ಟೆ ತಾಗಿದ್ರೆ ಸಾಕು, ನಿಂಬೆಹಣ್ಣಿನಷ್ಟು ಉಂಡೆ ಕಳಚಿಕೊಂಡು ಅಂಟಿಕೊಳ್ಳುತ್ತೆ. ಮುಳ್ಳಿನ ತುದಿಯಲ್ಲಿ ಗಾಳದ ಥರ ಹಿಮ್ಮುಖ ಕೊಕ್ಕೆ ಇರೋದ್ರಿಂದ ಒಳಗೆ ಸಲೀಸಾಗಿ ಹೋಗುತ್ತೆ, ಬರುವಾಗ ಚರ್ಮ ಹಿಡ್ಕೊಂಡು ಮೇಲೇಳುತ್ತೆ. ಕೈಯಿಂದ ಕೀಳೋಕೆ ಹೋದ್ರೆ ಕಾಲಲ್ಲಿದ್ದದ್ದು ಕೈಗೆ ಬರುತ್ತೆ. ಹಲ್ಲು ಅಗಲ ಇರೋ ಒಂದು ಬಾಚಣಿಗೆ ಜೇಬಲ್ಲಿಟ್ಕೊಳ್ಳಿ, ಉಂಡೆಗೂ ಚರ್ಮಕ್ಕೂ ನಡುವೆ ತೂರಿಸಿ ಒಂದೇ ಸಲಕ್ಕೆ ಝಾಡಿಸಿ, ಎದುರಿಗೆ ಯಾರೂ ನಿಂತಿಲ್ಲ ಅಂತ ನೋಡ್ಕೊಂಡು. ಉಳಿದ ಮುಳ್ಳನ್ನ ಚಿಮಟದಿಂದ ಒಂದೊಂದಾಗಿ ತೆಗೀರಿ.

ಹಾವಿಗೆ ಒಂದೇ ಮಾತು, ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಬೇಡಿ. ರ್‍ಯಾಟಲ್ ಸ್ನೇಕ್ ಬಂಡೆ ಸಂದಿಲಿರುತ್ತೆ, ಹತ್ತುವಾಗ ಮೇಲಿನ ಅಂಚನ್ನ ತಡಕೋದು ನಮ್ಮ ಕೈ. ಕಚ್ಚಿದ್ರೆ ಕುಯ್ಯೋದು, ಬಾಯಲ್ಲಿ ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ, ಉಂಗುರ ಬಳೆ ತೆಗೆಸಿ, ಆದಷ್ಟು ಅಲ್ಲಾಡದ ಹಾಗೆ ಕೂರಿಸಿ 911ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಮಗನಿಗೆ ಒಂಬತ್ತು ವರ್ಷ. ಅವನೂ ಬರ್ತೀನಿ ಅಂತ ಹಟ ಮಾಡ್ತಿದ್ದಾನೆ.

ಉತ್ತರ: ಕರ್ಕೊಂಡು ಹೋಗಿ, ಬೋಗುಣಿ ಬಂಡೆವರೆಗೆ. ಹೋಗಿಬರೋಕೆ ನಾಲ್ಕು ಮೈಲಿ, ಆ ವಯಸ್ಸಿಗೆ ಅದೇ ಒಂದು ದಿನದ ಬೆಟ್ಟ. ದೊಡ್ಡವರಲ್ಲಿ ಇಬ್ಬರು ಅಲ್ಲೇ ಉಳಿಯೋದು ಅಂತ ಮನೆಯಲ್ಲೇ ತೀರ್ಮಾನ ಮಾಡಿ, ಅವನಿಗೂ ಮೊದಲೇ ಹೇಳಿ. ಮಳೆ ಬಿದ್ದ ಮರುದಿನ ಆ ಬಂಡೆ ಜಾರುತ್ತೆ, ಅವತ್ತು ಮಾತ್ರ ಬೇಡ. ಅಲ್ಲಿ ಕೂತು ತಲೆ ಎತ್ತಿದ್ರೆ ಇಸ್ತ್ರಿಪೆಟ್ಟಿಗೆಯ ಮೂತಿ ಥರ ಚಾಚಿಕೊಂಡಿರೋ ಫ್ಲಾಟ್‌ಐರನ್ ಕಾಣುತ್ತೆ, ಹೆಸರು ಬಂದಿದ್ದೇ ಆ ಆಕಾರಕ್ಕೆ ಅಂತ ಅವನಿಗೆ ತೋರಿಸಿ.