ಪಿಟೀಲು ಕಲಿತವರು ಮ್ಯೂಸಿಕ್ ಎಡಿಟಿಂಗ್‌ಗೆ ಬರಬಹುದಾ?

ತೀರ್ಥಹಳ್ಳಿಯಲ್ಲಿ ಹತ್ತು ವರ್ಷ ಪಿಟೀಲು ಕಲಿತಿದ್ದೇನೆ, ಸಿನಿಮಾ-ಸೀರಿಯಲ್ ಮ್ಯೂಸಿಕ್ ಎಡಿಟಿಂಗ್‌ಗೆ ಅದು ಉಪಯೋಗಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ಖಂಡಿತ ಬರುತ್ತದೆ. ನಾನೂ ಸಾಗರದಲ್ಲಿ ತಬಲಾ ನುಡಿಸಿಕೊಂಡಿದ್ದವನೇ.

ಇಲ್ಲಿ ನುಡಿಸುವುದಕ್ಕಿಂತ ಕೇಳುವುದೇ ಜಾಸ್ತಿ. ಮೂರು ನಿಮಿಷದ ಸಂಗೀತ ರೆಡಿ ಇರುತ್ತದೆ, ಎಡಿಟರ್ ರಾತ್ರೋರಾತ್ರಿ ದೃಶ್ಯದಿಂದ ಹನ್ನೊಂದು ಸೆಕೆಂಡ್ ಕತ್ತರಿಸಿರುತ್ತಾರೆ, ಅಷ್ಟನ್ನೇ ಸಂಗೀತದಲ್ಲಿ ಎಲ್ಲಿಂದ ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಹುಡುಕುವುದೇ ನಿಮ್ಮ ಕೆಲಸ. ಲೆಕ್ಕವೂ ಬೇಕು. 120 ಬಿಪಿಎಂನಲ್ಲಿ, ಅಂದ್ರೆ ನಿಮಿಷಕ್ಕೆ 120 ಬೀಟ್ ವೇಗದಲ್ಲಿ, ಒಂದು ಬೀಟ್ ಅಂದ್ರೆ ಅರ್ಧ ಸೆಕೆಂಡ್. ಸಿನಿಮಾದ ಸೆಕೆಂಡಿಗೆ 24 ಫ್ರೇಮ್ (ಚಿತ್ರ) ಲೆಕ್ಕದಲ್ಲಿ ಅದು ಸರಿಯಾಗಿ 12 ಫ್ರೇಮ್, ಟಿವಿಯ 25ರಲ್ಲಿ ಹನ್ನೆರಡೂವರೆ. ಆ ಅರ್ಧ ಫ್ರೇಮ್ ಇದೆಯಲ್ಲ, ಅದೇ ತಲೆ ತಿನ್ನುವುದು.

ಒಮ್ಮೆ ಒಂದು ಸೀರಿಯಲ್ಲಿಗೆ ಕೊಳಲಿನ ಎರಡು ತುಣುಕು ಜೋಡಿಸಿದ್ದೆ. ತಾಳ ಪಕ್ಕಾ ಇತ್ತು, ಶ್ರುತಿ ಮಾತ್ರ ಚೂರು ಬೇರೆ. ಮಾತಿನ ಕೆಳಗೆ ಮುಚ್ಚಿಹೋಗುತ್ತದೆ ಅಂತ ಸುಮ್ನೆ ಬಿಟ್ಟೆ. ಮಾತು, ಸಂಗೀತ ಎಲ್ಲ ಸೇರಿಸುವ ಮಿಕ್ಸಿಂಗ್ ದಿನ ಆ ಡೈಲಾಗನ್ನೇ ತೆಗೆದುಬಿಟ್ಟರು! ಎಲ್ಲರೂ ನನ್ನ ಮುಖ ನೋಡಿದರು. ಪಿಟೀಲಿನವರಾದ ನಿಮಗೆ ಅದು ಮೊದಲೇ ಕೇಳಿಸುತ್ತಿತ್ತು, ಅಲ್ವಾ?

ಈಗಲೇ ಬೆಂಗಳೂರಿಗೆ ಓಡಬೇಡಿ. ರೀಪರ್ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್ 60 ದಿನ ದುಡ್ಡಿಲ್ಲದೆ ಸಿಗುತ್ತದೆ, ಪ್ರಾಜೆಕ್ಟಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಅನ್ನುವುದು) 48 ಕಿಲೋಹರ್ಟ್ಸ್‌ಗೆ ಇಟ್ಟುಕೊಳ್ಳಿ, ನಿಮ್ಮದೇ ನುಡಿಸಾಣಿಕೆಯನ್ನು ನಾಲ್ಕು ನಿಮಿಷದಿಂದ ಒಂದೂವರೆಗೆ ಇಳಿಸಿ ನೋಡಿ. ಮಳೆಗಾಲದಲ್ಲಿ ಮಾತ್ರ ನಮ್ಮ ಕಡೆಯ ಕರೆಂಟ್ ನಂಬಬೇಡಿ, ಪ್ರತಿ ಸಲ ಕತ್ತರಿಸಿದ ಮೇಲೂ ಸೇವ್ ಒತ್ತಿ.